ಮಾರಿ ಮ್ಯಾಲಿನ ಕಲೆಗೆ ಹತ್ತು ಔಷಧ ಬ್ಯಾಡ, ಒಬ್ಬ ಡಾಕ್ಟರ ಸಾಕು

ಮಕ್ಕಳ ಮಾರಿ ಮ್ಯಾಲೆ ಒಂದು ಸಣ್ಣ ಕಲೆ ಕಂಡ್ರ ಸಾಕು, ನಮ್ಮ ಕಡೆ ಹತ್ತು ಮಂದಿ ಹತ್ತು ಔಷಧ ಹೇಳ್ತಾರ. ಅಜ್ಜಿ ಬಳ್ಳೊಳ್ಳಿ ಜಜ್ಜಿ ಹಚ್ಚು ಅಂತಾಳ. ಬಾಜೂಮನಿ ವೈನಿ ಲಿಂಬಿಹಣ್ಣಿನ ರಸ ತಿಕ್ಕು ಅಂತಾರ. ಮಾವಶಿ ಊರಿಂದ ಫೋನ್ ಮಾಡಿ, "ನಮ್ಮ ಹುಡುಗಗ ಆ ಟ್ಯೂಬಿನಿಂದ ಎಂಟ ದಿನದಾಗ ಹೋತು ನೋಡ" ಅಂತಾಳ. ಎಲ್ಲಾರೂ ಪ್ರೀತಿಲೇ ಹೇಳೂದು, ಅದರಾಗ ಸಂಶಯ ಇಲ್ಲ. ಭಾಳ ಸರತಿ ಅದು ಚಿಬ್ಬೋ, ಒಣ ಚರ್ಮನೋ ಇದ್ದು ತಾನ ಹೋಗ್ತದ, ಯಾರದೋ ಔಷಧಕ್ಕ ಹೆಸರು ಬರ್ತದ.

ಆದ್ರ ಒಂದು ರೋಗ ಅದ, ಅದರ ಮುಂದ ಈ ಹತ್ತು ಔಷಧದ ಪ್ರೀತಿ ಕೂಸಿಗೆ ತುಟ್ಟಿ ಬೀಳ್ತದ. ಅದಕ್ಕ ಡಿಸ್ಕಾಯ್ಡ್ ಲೂಪಸ್ ಅಂತಾರ. ಮಕ್ಕಳಿಗೆ ಇದು ಬರೂದು ಭಾಳ ಅಪರೂಪ. ಈ ರೋಗ ಇದ್ದ ನೂರು ಮಂದಿಯೊಳಗ, ಹತ್ತು ವರ್ಷ ತುಂಬೂದರಾಗ ಶುರುವಾದವರು ಎರಡೋ ಮೂರೋ ಮಂದಿ ಅಷ್ಟ. ಹಿಂಗ ಅಪರೂಪ ಇರೂದರಿಂದನ ಯಾರ ತಲಿಗೂ ಇದು ಲಗೂ ಹೊಳಿಯೂದಿಲ್ಲ.

ನನ್ನ ಅಭಿಪ್ರಾಯ ಮದ್ಲ ಹೇಳಿಬಿಡ್ತೀನಿ. ಈ ರೋಗದಾಗ ಕೂಸಿನ ಮಾರಿ ಕೆಡಸೂದು ಬರೇ ರೋಗ ಅಲ್ಲ, ನಾವು ಕಳಿಯೂ ತಿಂಗಳುಗಳೂ ಕೆಡಸ್ತಾವ. ಆ ತಿಂಗಳು ದವಾಖಾನ್ಯಾಗ ಕಳಿಯೂದಿಲ್ಲ, ನಮ್ಮ ಪಡಸಾಲ್ಯಾಗ, ನಮ್ಮ ಕಟ್ಟಿ ಮ್ಯಾಲೆ, ನಮ್ಮ ಫೋನಿನ್ಯಾಗ ಕಳೀತಾವ. ಕೂಸಿಗೆ ಏನ ಹಚ್ಚಬೇಕು, ಯಾರಿಗೆ ತೋರಸಬೇಕು ಅಂತ ನಿರ್ಧಾರ ಮಾಡೂದು ಬಹುತೇಕ ಹೆಣ್ಣಮಕ್ಕಳು. ಅಂದ್ರ ಆ ತಿಂಗಳು ಉಳಸೂದೂ ನಮ್ಮ ಕೈಯಾಗ ಅದ.

ನಮ್ಮ ಮನಿತನದಾಗ ಒಂದು ಕೂಸಿಗೆ ಇದು ಬಂದದ, ಅದಕ್ಕ ಇಷ್ಟು ತಿಳ್ಕೊಂಡು ಬರ್ಯಾಕತ್ತೀನಿ. ಹುಡುಗಿ ಹೆಸರು ಬರಿಯೂದಿಲ್ಲ. ಗೊತ್ತಿದ್ದವರಿಗೆ ಗೊತ್ತದ, ಗೊತ್ತಿಲ್ಲದವರು ಕೇಳಬ್ಯಾಡ್ರಿ.

ಮದ್ಲ ಇದು ಏನು ಅಂತ ನೋಡೋಣ. ನಮ್ಮ ಮೈಯಾಗ ರೋಗದ ಹುಳಾ ಬಂದ್ರ ಅದನ್ನ ಓಡಸಲಿಕ್ಕೆ ಒಂದು ಕಾವಲು ಇರ್ತದ. ಆ ಕಾವಲಿಗೆ ಗುರುತು ತಪ್ಪಿ, ಮನಿ ಕಾಯೂ ನಾಯಿ ಮನಿ ಮಂದಿಗೇ ಕಚ್ಚಿಧಂಗ, ನಮ್ಮ ಚರ್ಮದ ಮ್ಯಾಲೇ ಬೀಳೂದಕ್ಕ ಲೂಪಸ್ ಅಂತಾರ. ಲೂಪಸ್ ಅಂದ್ರ ಲ್ಯಾಟಿನ್ ಭಾಷಾದಾಗ ತೋಳ. ಡಿಸ್ಕಾಯ್ಡ್ ಅಂದ್ರ ಬಿಲ್ಲೆಯಂಥಾದ್ದು. ರೂಪಾಯಿ ಬಿಲ್ಲೆಯಂಥಾ ಗುಂಡನ್ನ ಕೆಂಪು ಕಲೆ, ಅದರ ಮ್ಯಾಲೆ ಗಟ್ಟಿಯಾಗಿ ಅಂಟಿಕೊಂಡ ಪೊರೆ. ಗಲ್ಲ, ಮೂಗು, ಕಿವಿ, ತಲಿ, ತುಟಿ, ಬಿಸಲು ಬೀಳೂ ಜಾಗಾದಾಗನ ಜಾಸ್ತಿ. ಕಿವಿ ಒಳಗಿನ ತಗ್ಗು ಅಂತೂ ಇದರ ಖಾಯಂ ಠಿಕಾಣಿ. ಆ ಪೊರೆ ಕಿತ್ತು ತಿರುಗಿಸಿ ನೋಡಿದ್ರ ಕೆಳಗ ಸಣ್ಣ ಸಣ್ಣ ಮೊಳಿಯಂಥಾವು ಕಾಣ್ತಾವ, ಅವು ಕೂದಲಿನ ತೂತಿನ್ಯಾಗ ಇಳದಿರ್ತಾವ. ಹಂಗಂತ ನೀವು ಕಿತ್ತು ನೋಡಲಿಕ್ಕೆ ಹೋಗಬ್ಯಾಡ್ರಿ. ಅದು ಡಾಕ್ಟರ ಕೆಲಸ. ಈ ರೋಗದಾಗ ಚರ್ಮಕ್ಕ ಪೆಟ್ಟು ಬಿದ್ದಲ್ಲೇ, ಕೆರದಲ್ಲೇ ಹೊಸಾ ಕಲೆ ಏಳಬಹುದು.

ನಡುವ ಕಲೆ ಮಾಗಿಧಂಗ ಕಾಣ್ತದ. ಆದ್ರ ಮಾಗಿದ ಜಾಗಾ ತೆಳ್ಳಗಾಗಿ, ತಗ್ಗಾಗಿ, ನಡಕ ಬೆಳ್ಳಗ, ಅಂಚಿಗೆ ಕರ್ರಗ ಉಳೀತದ. ನಮ್ಮಂಥಾ ಸಾದಗಪ್ಪು ಬಣ್ಣಕ್ಕ ಅದು ಮತ್ತೂ ಎದ್ದು ಕಾಣ್ತದ. ತಲಿ ಮ್ಯಾಲೆ ಬಂದ್ರ ಕೂದಲಿನ ಬೇರ ಸತ್ತುಹೋಗಿ ಅಲ್ಲಿ ಮತ್ತ ಕೂದಲಾ ಬರೂದಿಲ್ಲ. ಮುಖ್ಯ ಮಾತು ಇಲ್ಲೇ ಅದ. ಕೆಂಪು ಇರೂತನಕಾ ಔಷಧಕ್ಕ ಕೆಲಸ ಅದ. ಒಮ್ಮೆ ಗಾಯದ ಗುರುತಾಗಿ ಬಿಟ್ಟ ಮ್ಯಾಲೆ ಯಾವ ಮುಲಾಮೂ ಅದನ್ನ ಪೂರಾ ಅಳಸೂದಿಲ್ಲ.

ನಮ್ಮ ಹುಡುಗಿಗೆ ಒಂಬತ್ತು ವರ್ಷ ಇದ್ದಾಗ ಗಲ್ಲದ ಮ್ಯಾಲೆ ಒಂದು, ಕಿವ್ಯಾಗ ಒಂದು ಕಲೆ ಬಂತು. ಗುಂಡಗಿತ್ತು, ಅದಕ್ಕ ನೋಡಿದವರೆಲ್ಲಾ ಹುಳುಕಡ್ಡಿ ಅಂದ್ರು. ಔಷಧದ ಅಂಗಡಿಯವ ಒಂದು ಟ್ಯೂಬ್ ಕೊಟ್ಟಾ. ನಾಕ ದಿನದಾಗ ಕೆಂಪು ಇಳೀತು, ಎಲ್ಲಾರಿಗೂ ಸಮಾಧಾನ ಆತು. ಬಿಟ್ಟ ವಾರಕ್ಕ ತಿರುಗಿ ಬಂತು, ಮತ್ತ ಅದೇ ಟ್ಯೂಬ್. ಹಿಂಗ ಏಳು ತಿಂಗಳು ಹೋದ್ವು. ಅಷ್ಟರಾಗ ತಲಿ ಮ್ಯಾಲೆ ನೆತ್ತಿ ಬಾಜೂಕ ಒಂದು ಬಿಲ್ಲೆಯಷ್ಟು ಕೂದಲಾ ಹೋಗಿತ್ತು. ಕಡೀಕ ಚರ್ಮದ ಡಾಕ್ಟರ ಕಡೆ ಹೋದಾಗ ಅವರು ಮಾರಿ ನೋಡಿ, ಆಮ್ಯಾಲೆ ಕಿವಿ ತಗ್ಗು ನೋಡಿ, ಚರ್ಮದ ಒಂದು ಚೂರು ತಗದು ಪರೀಕ್ಷಾಕ್ಕ ಕಳಿಸಿದ್ರು. ವಾರದಾಗ ಹೆಸರು ಗೊತ್ತಾತು. ಈಗ ಹೊಸಾ ಕಲೆ ಬರೂದು ನಿಂತದ. ಹಳೇ ಗುರುತು ಮಾತ್ರ ಅದ, ನೆತ್ತಿ ಬಾಜೂಕ ಕೂದಲಾ ಬಂದಿಲ್ಲ.

ಆ ಟ್ಯೂಬಿನ ಕತಿ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ಅದು ನಿಮ್ಮ ಮನಿ ಕಪಾಟಿನ್ಯಾಗೂ ಇರಬಹುದು. ಹುಳುಕಡ್ಡಿಗೆ ಅಂತ ಅಂಗಡ್ಯಾಗ ಕೊಡೂ ಭಾಳಷ್ಟು ಮುಲಾಮಿನೊಳಗ ಮೂರು ನಾಕು ಔಷಧ ಕೂಡಿಸಿರ್ತಾರ, ಅದರಾಗ ಒಂದು ಜೋರಿನ ಸ್ಟೀರಾಯ್ಡ್. ಸ್ಟೀರಾಯ್ಡ್ ಹಚ್ಚಿದ ಕೂಡ್ಲೆ ಕೆಂಪು ಇಳೀತದ, ಕೆರತ ನಿಲ್ಲತದ. ನಾವು ರೋಗ ಹೋತು ಅಂತೀವಿ. ಖರೇನ ಹುಳುಕಡ್ಡಿ ಇದ್ದ್ರ ಅದು ಒಳಗ ಹರಡತದ. ಲೂಪಸ್ ಇದ್ದ್ರ ಅದರ ಗುರುತು ಮುಚ್ಚಿಹೋಗಿ ಡಾಕ್ಟರಿಗೂ ತಿಳಿಯೂದು ತಡಾ ಆಗ್ತದ. ಮ್ಯಾಲಿಂದ ಮಕ್ಕಳ ಮಾರಿ ಚರ್ಮ ತೆಳ್ಳಗ. ತಿಂಗಳಗಟ್ಟಲೆ ಹಚ್ಚಿದ್ರ ಮತ್ತೂ ತೆಳ್ಳಗಾಗಿ ರಕ್ತನಾಳ ಕಾಣ್ತಾವ. 2018ರಾಗನ ಸರಕಾರ ಇಂಥಾ ಸ್ಟೀರಾಯ್ಡ್ ಮುಲಾಮುಗಳನ್ನ ಡಾಕ್ಟರ ಚೀಟಿ ಇಲ್ಲದ ಮಾರಬಾರದು ಅಂತ ಪಟ್ಟಿಗೆ ಸೇರಿಸ್ಯದ. ಆದ್ರೂ ನಾವು "ಅದs ಟ್ಯೂಬ್ ಕೊಡಪಾ" ಅಂತ ಕೇಳ್ತೀವಿ, ಅವರು ಕೊಡ್ತಾರ. ಕಾನೂನು ಇದ್ದು ಏನ ಮಾಡೂದು, ಕೇಳವರು ನಾವ ಆದ್ರ?

ಇಲ್ಲೆ ಒಬ್ಬರು ಕೇಳ್ತೀರಿ, ಡಾಕ್ಟರೂ ಲೂಪಸ್ಸಿಗೆ ಸ್ಟೀರಾಯ್ಡ್ ಮುಲಾಮೇ ಕೊಡ್ತಾರಲ್ಲಾ ಅಂತ. ಹೌದು, ಕೊಡ್ತಾರ. ಆದ್ರ ಯಾವ ಜೋರಿಂದು, ಯಾವ ಜಾಗಾಕ್ಕ, ಎಷ್ಟ ದಿನಾ, ಯಾವಾಗ ನಿಲ್ಲಸೂದು ಅಂತ ಹೇಳಿ ಕೊಡ್ತಾರ. ಮಾರಿಗೆ ಕೆಲವೊಮ್ಮೆ ಅದರ ಬದಲಿ ಟ್ಯಾಕ್ರೋಲಿಮಸ್‌ದಂಥಾ ಬ್ಯಾರೆ ಮುಲಾಮು ಬರೀತಾರ, ಅದು ಚರ್ಮ ತೆಳ್ಳಗ ಮಾಡೂದಿಲ್ಲ. ಉಪ್ಪು ಎಲ್ಲಾ ಅಡಗಿಗೂ ಬೇಕು, ಆದ್ರ ಎಷ್ಟು ಅಂತ ಗೊತ್ತಿದ್ದವರು ಹಾಕಬೇಕು.

ಮನಿ ಔಷಧದ ಬಗ್ಗೆ ನಾನು ಹಗುರಾಗಿ ಮಾತಾಡೂದಿಲ್ಲ. ಒಣ ಚರ್ಮಕ್ಕ ಕೊಬ್ಬರಿ ಎಣ್ಣಿ ಚೊಲೋನ. ಆದ್ರ ಬಳ್ಳೊಳ್ಳಿ ಜಜ್ಜಿ ಕಟ್ಟಿದ್ರ ಚರ್ಮ ಸುಡ್ತದ, ಗುಳ್ಳಿ ಏಳ್ತಾವ. ಲಿಂಬಿರಸ ಹಚ್ಚಿಕೊಂಡು ಬಿಸಲಿಗೆ ಹೋದ್ರ ಆ ರಸಕ್ಕೂ ಬಿಸಲಿಗೂ ಕೂಡಿ ಚರ್ಮ ಸುಟ್ಟು ಕರ್ರಗ ಆಗ್ತದ, ಇದು ಆರಾಮ ಇದ್ದವರಿಗೂ ಆಗೂದ. ಬಿಸಲಿಗೇ ಸಿಟ್ಟಾಗೂ ರೋಗದಾಗ ಅದನ್ನ ಕೂಸಿನ ಮಾರಿಗೆ ಹಚ್ಚೂದು ಅಂದ್ರ ಉರಿಯೂ ಒಲಿಗೆ ಎಣ್ಣಿ ಹಾಕಿಧಂಗ. ಕಡ್ಲಿಹಿಟ್ಟು ಹಚ್ಚಿ ಗಸಗಸ ತಿಕ್ಕೂದೂ ಬ್ಯಾಡ. ಕಿವಿ ಚುಚ್ಚಸೂದು, ಬಿಗದು ಜಡಿ ಹಾಕೂದು ಇವೂ ಡಾಕ್ಟರನ್ನ ಕೇಳಿ ಮಾಡೂ ಮಾತು.

ಹಂಗಾದ್ರ ಎಷ್ಟ ದಿನಾ ಕಾಯೂದು? ನನ್ನ ಲೆಕ್ಕ ಸರಳ ಅದ. ಮಾರಿ, ಕಿವಿ, ತಲಿ ಮ್ಯಾಲಿನ ಕಲೆ ಮೂರು ವಾರ ಆದ್ರೂ ಹೋಗಲಿಲ್ಲ ಅಂದ್ರ, ಇಲ್ಲಾ ಬಿಸಲಿಗೆ ಹೋಗಿ ಬಂದಾಗ ಜಾಸ್ತಿ ಕೆಂಪಾತು ಅಂದ್ರ, ಇಲ್ಲಾ ಅಲ್ಲಿ ಕೂದಲಾ ಉದುರಲಿಕ್ಕೆ ಹತ್ತು ಅಂದ್ರ, ಚರ್ಮದ ಡಾಕ್ಟರ ಹತ್ರ ಹೋಗೂದು. ರೊಕ್ಕದ ಅಡಚಣಿ ಇದ್ದವರಿಗೆ ಹುಬ್ಬಳ್ಳಿ ಕಿಮ್ಸ್‌ದಂಥಾ ಸರಕಾರಿ ಮೆಡಿಕಲ್ ಕಾಲೇಜಿನ ದವಾಖಾನ್ಯಾಗ ಚರ್ಮದ ವಿಭಾಗ ಅದ. ಒಂದು ದಿನದ ಸಾಲಿ, ಒಂದು ದಿನದ ಕೂಲಿ ಹೋಗ್ತದ, ಖರೆ. ಏಳು ತಿಂಗಳು ಟ್ಯೂಬ್ ಕೊಂಡ ರೊಕ್ಕ ಕೂಡಿಸಿದ್ರ ಅದಕ್ಕಿಂತ ಕಡಿಮಿ ಏನ ಆಗೂದಿಲ್ಲ. ಚರ್ಮದ ಚೂರು ತಗಿಯೂದು ಅಂದ ಕೂಡ್ಲೆ ಅವ್ವಂದಿರು ಹೆದರ್ತಾರ. ಜಾಗಾ ಮರಗಟ್ಟಿಸಿ ಮೂರು ನಾಕು ಮಿಲಿಮೀಟರಿನಷ್ಟು, ಅಂದ್ರ ಒಂದು ತೊಗರಿ ಕಾಳಿಗಿಂತ ಸಣ್ಣದು ತಗೀತಾರ. ಆ ಒಂದು ಚೂರು, ಇದು ಹುಳುಕಡ್ಡಿನೋ, ಚರ್ಮದ ಕ್ಷಯನೋ, ಸೋರಿಯಾಸಿಸ್ಸೋ, ಲೂಪಸ್ಸೋ ಅನ್ನೂ ವಾದ ಮುಗಸ್ತದ.

ಮಕ್ಕಳ ಬಾಬತ್ತಿನ್ಯಾಗ ಲಗೂ ಹೋಗಬೇಕು ಅನ್ನಲಿಕ್ಕೆ ಮತ್ತೊಂದು ಕಾರಣ ಅದ, ಅದು ಕಲೆಗಿಂತ ದೊಡ್ಡದು. ಈ ರೋಗ ಚರ್ಮದಾಗ ಅಷ್ಟ ಉಳಿಯೂದು ಒಂದು ನಮೂನಿ. ಅದು ಒಳಗಿನ ಅಂಗಕ್ಕೂ ಇಳಿದು, ಕಿಡ್ನಿ, ಕೀಲು, ರಕ್ತ ಹಿಡಿಯೂದು ಇನ್ನೊಂದು ನಮೂನಿ. ದೊಡ್ಡವರೊಳಗ ಚರ್ಮದ್ದು ಒಳಗ ಇಳಿಯೂದು ನೂರಕ್ಕ ಐದರಿಂದ ಹತ್ತು ಮಂದಿಗೆ ಅಂತಾರ. ಮಕ್ಕಳೊಳಗ ಅದು ಹೆಚ್ಚು, ಸುಮಾರು ನಾಕರಾಗ ಒಂದು. ಇದನ್ನ ಹೆದರಸಲಿಕ್ಕೆ ಹೇಳ್ಯಾಕತ್ತಿಲ್ಲ. ನಾಕರಾಗ ಮೂರು ಕೂಸಿಗೆ ಚರ್ಮದಾಗ ಅಷ್ಟ ಉಳೀತದ ಅಂತನೂ ಅದರ ಅರ್ಥ. ಆದ್ರ ಆ ಒಂದು ಕೂಸು ಯಾವುದು ಅಂತ ಗೊತ್ತಾಗೂದು ಆಗಾಗ ರಕ್ತ, ಮೂತ್ರ ಪರೀಕ್ಷಾ ಮಾಡಿಸಿದಾಗ. "ಈಗ ಮಾರಿ ಆರಾಮ ಅದಲ್ಲಾ, ಸುಮ್ಮನ ಯಾಕ ಮತ್ತ ಸೂಜಿ ಚುಚ್ಚಸ್ತಿ" ಅಂತ ನಮ್ಮ ನೆಗೆಣ್ಣಿಗೆ ಎಷ್ಟು ಮಂದಿ ಅಂದಾರ ಲೆಕ್ಕಿಲ್ಲ. ಆಕಿ ಒಂದು ಸಲಾನೂ ಬಿಟ್ಟಿಲ್ಲ, ಅದಕ್ಕ ನಾನು ಆಕಿಗೆ ಕೈ ಮುಗೀತೀನಿ. ಕಾರಣ ಇಲ್ಲದ ಬರೂ ಜ್ವರ, ಕೀಲು ಬಾವು, ಬಾಯಾಗ ಹುಣ್ಣು, ಕಣ್ಣ ಸುತ್ತ ಇಲ್ಲಾ ಕಾಲು ಬಾವು, ನೊರಿ ಬರೂ ಮೂತ್ರ, ಇಂಥಾವು ಕಂಡ್ರ ಮುಂದಿನ ತಾರೀಖಿಗೆ ಕಾಯಬಾರದು, ಅವತ್ತ ಹೋಗಬೇಕು.

ಇನ್ನ ಗುಳಿಗಿ ಮಾತು. ಮುಲಾಮು ಸಾಲದಿದ್ದ್ರ ಹೈಡ್ರಾಕ್ಸಿಕ್ಲೋರೋಕ್ವಿನ್ ಅಂತ ಒಂದು ಗುಳಿಗಿ ಕೊಡ್ತಾರ, ಮಲೇರಿಯಾಕ್ಕ ಹುಟ್ಟಿದ ಔಷಧ. ಭಾಳ ಕಹಿ, ಊಟದ ಜೋಡಿ ಕೊಡಬೇಕು. ಫಲ ಕಾಣಲಿಕ್ಕೆ ಎರಡು ಮೂರು ತಿಂಗಳು ಬೇಕು. ಹದಿನೈದು ದಿನದಾಗ "ಏನೂ ಗುಣಾ ಇಲ್ಲಾ" ಅಂತ ಬಿಡೂದು ತಪ್ಪು. "ಅದರಿಂದ ಕಣ್ಣು ಹೋಗ್ತಾವಂತ" ಅನ್ನೂ ಮಾತು ಮದವಿ ಮನಿ ಪಂಕ್ತ್ಯಾಗ ಕುಂತು ಹೇಳವರು ಭಾಳ. ಕಣ್ಣಿಗೆ ತೊಂದ್ರಿ ಆಗಬಹುದು ಅನ್ನೂದು ಖರೆ. ಆದ್ರ ಕೂಸಿನ ತೂಕದ ಒಂದು ಕಿಲೋಕ್ಕ ದಿನಕ್ಕ 5 ಮಿಲಿಗ್ರಾಮಿನೊಳಗ ಇದ್ದ್ರ, ಮದ್ಲಿನ ಐದು ವರ್ಷದಾಗ ಆ ತೊಂದ್ರಿ ನೂರಕ್ಕ ಒಬ್ಬರಿಗಿಂತ ಕಡಿಮಿ. ಅದಕ್ಕನ ಶುರುವಿನ್ಯಾಗ ಒಮ್ಮೆ, ಆಮ್ಯಾಲೆ ಡಾಕ್ಟರು ಹೇಳಿಧಂಗ ಕಣ್ಣಿನ ಪರೀಕ್ಷಾ ಮಾಡಸ್ತಾರ. ತೂಕ ಹೆಚ್ಚಾಧಂಗ ಗುಳಿಗಿ ಲೆಕ್ಕಾನೂ ಅವರೇ ನೋಡ್ತಾರ. ನಾವು ನೋಡಬೇಕಾದ್ದು ಒಂದು: ಆ ಡಬ್ಬಿ ತಮ್ಮ ತಂಗಿಯಂಥಾ ಸಣ್ಣ ಕೂಸುಗಳ ಕೈಗೆ ಸಿಗಬಾರದು, ಹೆಚ್ಚು ನುಂಗಿದ್ರ ಜೀವಕ್ಕ ಅಪಾಯ.

ಇದೇ ಗುಳಿಗಿ 2020ರ ಮಾರ್ಚ್‌ದಾಗ ಎಲ್ಲಾರ ಬಾಯಾಗಿತ್ತು, ನೆನಪದ? ಕೊರೊನಾಕ್ಕ ಇದು ನಡೀತದ ಅಂತ ಸುದ್ದಿ ಹಬ್ಬಿ, ಬ್ಯಾಡಾದವರೂ ಅಂಗಡಿ ಮುಂದ ನಿಂತು ಡಬ್ಬಿಗಟ್ಟಲೆ ಒಯ್ದ್ರು. ದಿನಾ ಅದನ್ನ ನುಂಗೂ ಲೂಪಸ್ ಮಂದಿಗೆ ಸಿಗದಂಗಾತು. ಅದೇ ತಿಂಗಳ ಕಡೀಕ ಸರಕಾರ ಅದರ ಮಾರಾಟ ಬಿಗಿ ಮಾಡ್ತು. ಮುಂದ ದೊಡ್ಡ ಪರೀಕ್ಷಾ ಮಾಡಿ ನೋಡಿದ್ರ ಕೊರೊನಾಕ್ಕ ಅದರಿಂದ ಏನೂ ಉಪಯೋಗ ಇರಲಿಲ್ಲ. ನಮ್ಮ ಕಪಾಟಿನ್ಯಾಗ ಸುಮ್ಮನ ಬಿದ್ದ ಡಬ್ಬಿ ಇನ್ನೊಬ್ಬರ ಮನಿ ಕೂಸಿಂದು ಆಗಿತ್ತು. "ಆಕಿಗೆ ನಡೀತು, ಈಕಿಗೂ ನಡೀತದ" ಅನ್ನೂ ಮಾತು ಎಷ್ಟು ತುಟ್ಟಿ ಅಂತ ಆವಾಗ ದೇಶಕ್ಕೇ ಗೊತ್ತಾತು.

ಬಿಸಲಿನ ಬಗ್ಗೆ ನನ್ನ ಮಾತು ಕೆಲವರಿಗೆ ಸೇರಲಿಕ್ಕಿಲ್ಲ. ಡಾಕ್ಟರು ಬಿಸಲು ಬ್ಯಾಡ ಅಂದ ಕೂಡ್ಲೆ ನಮ್ಮ ಮಂದಿ ಹುಡುಗಿನ್ನ ಮನ್ಯಾಗ ಕೂಡಸ್ತಾರ. ಆಟ ಬಂದ್, ಟ್ರಿಪ್ ಬಂದ್, ಗಣಪತಿ ನೋಡಲಿಕ್ಕೆ ಹೋಗೂದೂ ಬಂದ್. ಹುಡುಗಿ ಅಂದ ಮ್ಯಾಲಂತೂ ಇದಕ್ಕ ನೆವ ಬೇಕಾಗಿರೂದಿಲ್ಲ. ನಾನು ಹೇಳೂದು, ಕೂಸಿನ ಹೊತ್ತು ಬದಲಾಗಲಿ, ಕೂಸಿನ ಆಟ ಹೋಗಬಾರದು. ಮುಂಜಾನೆ ಹತ್ತರಿಂದ ಸಂಜಿ ನಾಕರ ತನಕಾ ಬಯಲಿನ್ಯಾಗ ಬ್ಯಾಡ. ಸಂಜಿಮುಂದ ಹೊಟ್ಟಿ ತುಂಬ ಆಡ್ಲಿ. ಅಗಲ ಅಂಚಿನ ಟೋಪಿಗಿ, ತುಂಬು ತೋಳಿನ ಅರಬಿ, ಎಸ್‌ಪಿಎಫ್ 30ಕ್ಕಿಂತ ಮ್ಯಾಲಿಂದು ಸನ್‌ಸ್ಕ್ರೀನ್. ಒಮ್ಮೆ ಹಚ್ಚಿದ್ರ ಸಂಜಿತನಕ ಇರೂದಿಲ್ಲ, ಹೊರಗಿದ್ದ್ರ ಎರಡೆರಡು ತಾಸಿಗೆ ಹಚ್ಚಬೇಕು. ಎಲ್ಲಾರೂ ಮಾರಿಗೆ ಹಚ್ತೀವಿ, ಕಿವಿ ಮರೀತೀವಿ. ಇದಕ್ಕ ಕಿವಿನ ಮುಖ್ಯ. ಮೋಡ ಇದ್ದಾಗ, ಬಸ್ಸಿನ ಖಿಡಕಿ ಗಾಜಿನಿಂದನೂ ಬಿಸಲಿನ ಕೆಟ್ಟ ಕಿರಣ ಬರ್ತಾವ ಅಂತ ನೆನಪಿರಲಿ. ಬಿಸಲು ತಪ್ಪಿಸಿದ್ರ ಡಿ ಜೀವಸತ್ವ ಕಡಿಮಿ ಆಗ್ತದ, ಅದಕ್ಕೂ ಡಾಕ್ಟರನ್ನ ಕೇಳಿ ಗುಳಿಗಿ ಕೊಡಬಹುದು. ಸಾಲ್ಯಾಗ ಪ್ರಾರ್ಥನಾ ಹೊತ್ತಿನ್ಯಾಗ ನೆರಳಿಗೆ ನಿಲ್ಲಸ್ರಿ ಅಂತ ಒಂದು ಚೀಟಿ ಕೊಟ್ಟ್ರ ಬಾಯಾರು ಇಲ್ಲಾ ಅನ್ನೂದಿಲ್ಲ. ಮನ್ಯಾಗ ಬೀಡಿ ಸಿಗರೇಟು ಸೇದವರಿದ್ದ್ರ, ಹೊಗಿ ಈ ರೋಗಕ್ಕ ಒಳ್ಳೇದಲ್ಲ ಅಂತ ಅವರಿಗೆ ಹೇಳೂ ಧೈರ್ಯಾನೂ ನಾವ ಮಾಡಬೇಕು.

ಕಡೀಕ ಬಾಯಿ ಮಾತು. ಇದು ಅಂಟು ರೋಗ ಅಲ್ಲ. ಆ ಕೂಸಿನ ಟಾವೆಲ್ಲಿನಿಂದ ಬರೂದಿಲ್ಲ, ಜೋಡಿ ಕುಂತು ಉಂಡ್ರ ಬರೂದಿಲ್ಲ, ತಲಿ ಹಣಿಗಿಯಿಂದನೂ ಬರೂದಿಲ್ಲ. ತೊನ್ನು ಅಲ್ಲ, ಕುಷ್ಠ ಅಲ್ಲ, ಅವಿದ್ದ್ರೂ ಯಾರನ್ನೂ ದೂರ ಇಡಬೇಕಾಗಿಲ್ಲ ಅನ್ನೂದು ಬ್ಯಾರೆ ಮಾತು. ಯಾರ ಪಾಪದ್ದೂ ಅಲ್ಲ, ಬಸರಿದ್ದಾಗ ಅವ್ವ ಏನೋ ತಿಂದದ್ದಕ್ಕೂ ಅಲ್ಲ. ನಮ್ಮ ನೆಗೆಣ್ಣಿಗೆ ಅರಿಷಿಣ ಕುಂಕುಮಕ್ಕ ಹೋದ ಮನ್ಯಾಗ ಒಬ್ಬರು ಕೂಸಿನ ಎದುರಿಗೇ ಕೇಳಿದ್ರು, "ಈಗ ನಡೀತದವಾ, ಮುಂದ ಮದವಿ ಹೆಂಗ ಮಾಡ್ತಿ?" ಅಂತ. ಹುಡುಗಿಗೆ ಆಗ ಹತ್ತು ವರ್ಷ. ಅವತ್ತಿನಿಂದ ಆಕಿ ಒಂದು ತಿಂಗಳು ಯಾರ ಮನಿಗೂ ಬರಲಿಲ್ಲ, ಫೋಟೋಕ್ಕ ನಿಲ್ಲಲಿಲ್ಲ. ಗಲ್ಲದ ಮ್ಯಾಲಿನ ಕಲೆ ಕಡಲಿಬ್ಯಾಳಿಯಷ್ಟು. ಆ ಮಾತಿನ ಕಲೆ ಎಷ್ಟಾತು ಅಂತ ಅಳತಿ ಮಾಡಲಿಕ್ಕೆ ಯಾವ ಡಾಕ್ಟರಿಗೂ ಬರೂದಿಲ್ಲ.

ಈ ಮದವಿ ಅಂಜಿಕಿನ ಎಲ್ಲಾ ಮುಚ್ಚಿಡೂದಕ್ಕ ಮೂಲ. ಸಂಬಂಧ ತಪ್ಪೀತು ಅಂತ ದವಾಖಾನಿಗೆ ಕದ್ದು ಹೋಗೂದು, ಗುಳಿಗಿ ಅಟ್ಟದ ಮ್ಯಾಲೆ ಇಡೂದು, ಮದವಿ ಆದ ಮ್ಯಾಲೆ ಔಷಧನ ಬಿಡೂದು. ಮುಚ್ಚಿಟ್ಟು ಕೊಟ್ಟ ಹುಡುಗಿ ಅತ್ತಿ ಮನ್ಯಾಗ ಗುಳಿಗಿ ನುಂಗೂದೂ ಕದ್ದು ನುಂಗಬೇಕಾಗ್ತದ. ಅದಕ್ಕಿಂತ ಹೇಳಿ ಕೊಡೂದು, ಹೇಳಿದ್ದಕ್ಕ ಬ್ಯಾಡ ಅನ್ನವರ ಮನಿ ನಮಗೂ ಬ್ಯಾಡ ಅನ್ನೂದು ವಾಸಿ. ಇಂಗ್ಲೆಂಡಿನ ಗಾಯಕ ಸೀಲ್ ಅನ್ನವರ ಎರಡೂ ಗಲ್ಲದ ಮ್ಯಾಲೆ ಇದೇ ರೋಗದ ಗುರುತು ಅದಾವ. ಅದೇ ಮಾರಿಲೇ ಅವರು ವೇದಿಕಿ ಹತ್ತಿ ಹಾಡಿದ್ರು, 1996ರಾಗ ಗ್ರ್ಯಾಮಿ ಪ್ರಶಸ್ತಿನೂ ತಗೊಂಡ್ರು. ಅವರ ಫೋಟೋ ತೋರಿಸಿದಾಗ ನಮ್ಮ ಹುಡುಗಿ ಮದ್ಲ ಕೇಳಿದ್ದು, "ಇವರೂ ಟೋಪಿಗಿ ಹಾಕ್ಕೋತಾರೇನು?" ಅಂತ.

ಮೇ 10ಕ್ಕ ಜಗತ್ತಿನ ತುಂಬ ಲೂಪಸ್ ದಿನ ಅಂತ ಮಾಡ್ತಾರ. ನಮ್ಮ ಕಡೆ ಅದು ಸುಡು ಬಿಸಲಿನ ಹೊತ್ತು, ಸಾಲಿ ಸೂಟಿ, ಮದವಿ ಮುಂಜವಿ, ಮಂದಿ ಕೂಡೂ ತಿಂಗಳು. ಅಂಥಾ ಕಡೆ ಯಾವುದಾರ ಕೂಸಿನ ಮಾರಿ ಮ್ಯಾಲೆ ಕಲೆ ಕಂಡ್ರ, ಎರಡು ಕೆಲಸ ಮಾಡ್ರಿ. ಕೂಸಿನ ಜೋಡಿ ಕಲೆ ಬಿಟ್ಟು ಬ್ಯಾರೆ ಮಾತಾಡ್ರಿ, ಯಾವ ಇಯತ್ತೆ, ಏನ ಆಡ್ತಿ, ಮಾವಿನಹಣ್ಣು ತಿಂದೇನು ಅಂತ. ಆಮ್ಯಾಲೆ ಅವರವ್ವನ್ನ ಬಾಜೂಕ ಕರದು, ಮೆಲ್ಲಕ, "ಚರ್ಮದ ಡಾಕ್ಟರಿಗೆ ತೋರಿಸೀರೇನು? ಇಲ್ಲಂದ್ರ ಸೋಮವಾರ ನಾನೂ ಬರ್ತೀನಿ, ಕೂಡೇ ಹೋಗೋಣ" ಅನ್ರಿ. ಟ್ಯೂಬಿನ ಹೆಸರು ಹೇಳೂದಕ್ಕಿಂತ ಜೋಡಿ ಹೋಗೂದು ಜಾಸ್ತಿ ಉಪಯೋಗಕ್ಕ ಬರ್ತದ.